ಎರಡನೇ ಗೇರಿನ ಒಪ್ಪಿಗೆ

ನೀರು ಸರಬರಾಜು ಕಚೇರಿಯ ಹಳೆಯ ಕಾರಿನಲ್ಲಿ ಯಾವ ದೋಷವೂ ಇರುವುದಿಲ್ಲವೆಂದು ಈ ಮೂಲಕ ಸರ್ವರಿಗೂ ತಿಳಿಯಪಡಿಸಲಾಗಿದೆ. ಗೇಟಿನಲ್ಲಿ ತಿರುಗಿದಾಗ ಅದು ಕಿವಿ ಕಿತ್ತುಹೋಗುವಂತೆ ಕಿರುಚುವುದೂ, ಗೇರು ಬದಲಿಸಿದಾಗಲೆಲ್ಲ ಧಡ್ ಎಂದು ಎಗರುವುದೂ ನಿಜ. ಆದರೆ ತನಿಖೆಯ ಪ್ರಕಾರ ದೋಷವಿರುವುದು ಡ್ರೈವರನ ಎಡಗಾಲಿನಲ್ಲಿ.

ಪಾಪ, ಡ್ರೈವರು ಮದುವೆಗೆ ಮುಂಚಿನಿಂದಲೂ ದಿನಗೂಲಿಯವನು. ಈಗ ಮಗಳೇ ಮದುವೆಗೆ ಬಂದಿದ್ದಾಳೆ. ಅಂತೂ ಇಂತೂ ಕಾಯಂ ಆಗುವ ಸರದಿ ಬಂತು ಅನ್ನುವಷ್ಟರಲ್ಲಿ ಕಾಲಿನ ಮೇಲೆ ಈ ಆರೋಪ.

"ಬೆಲ್ಟು ಸವೆದಿದೆ ಸಾರ್, ಕ್ಲಚ್ ಪ್ಲೇಟು ಹೋಗಿದೆ. ನನ್ನ ಕಾಲೇನು ಮಾಡುತ್ತೆ?" ಎಂದು ಮ್ಯಾನೇಜರ ಮುಂದೆ ಗೋಗರೆದ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಡಿ ನಡಿ," ಎಂದರು ಮ್ಯಾನೇಜರು.

ಅವರಿಗೇನು ಗೊತ್ತಿರಲಿಲ್ಲವೇ? ಬೆಲ್ಟು ಕಿರುಚಿದರೆ ಸಾಕು, ದೊಡ್ಡ ಸಾಹೇಬರು ಬಂದರೆಂದು ಎದುರಿನ ಅಂಗಡಿಯಲ್ಲಿ ಚಹಾ ಹೀರುತ್ತಿದ್ದ ಇಡೀ ಕಚೇರಿ ಹಿಂಬಾಗಿಲಿನಿಂದ ಬಂದು ಕುರ್ಚಿ ಸೇರುತ್ತಿತ್ತು. ಎಗರಾಟದ ಉಪಕಾರ ಇನ್ನೂ ದೊಡ್ಡದು. ಬೀದಿಯ ಮೂಲೆಯ ಒಣ ನಲ್ಲಿಯ ಬಳಿ ಖಾಲಿ ಕೊಡ ಹಿಡಿದ ಹೆಂಗಸರು ದಿನಾ ಕಾರಿಗೆ ಅಡ್ಡ ನಿಂತು, "ನಾಳೆ ನೀರು ಬಿಡ್ತೀರಾ ಸ್ವಾಮಿ?" ಎಂದು ಕೇಳುವರು. ಡ್ರೈವರು ಎರಡನೇ ಗೇರು ಹಾಕುವನು. ಕಾರು ಎಗರುವುದು. ಹಿಂದಿನ ಸೀಟಿನಲ್ಲಿ ಕೂತ, ಹುಟ್ಟಿದಾಗಿನಿಂದ ಯಾರಿಗೂ ತಲೆಬಾಗದ ಸಾಹೇಬರ ತಲೆ ಮುಂದಕ್ಕೆ ಬಾಗುವುದು.

"ಹೂಂ ಅಂದ್ರು ಕಣ್ರೇ!" ಎಂದು ಎಲ್ಲರೂ ಖುಷಿಯಿಂದ ಮನೆಗೆ ಹೋಗುವರು. ಆ ಗುಂಪಿನಲ್ಲಿ ಡ್ರೈವರನ ಹೆಂಡತಿಯೂ ಇರುತ್ತಿದ್ದಳು.

ಹೆಂಡತಿಯ ತಮ್ಮ ಗ್ಯಾರೇಜು ಇಟ್ಟಿದ್ದ. ಕಾಲಿನ ಮೇಲಿನ ಆರೋಪ ಕೇಳಿ ಅವನ ರಕ್ತ ಕುದಿಯಿತು. "ನಿಮ್ಮ ಕಾಲಿಗೆ ಕೆಟ್ಟ ಹೆಸರಾ ಭಾವ? ಭಾನುವಾರ ಕಾರು ತನ್ನಿ, ಬೆಣ್ಣೆ ಹಾಗೆ ಮಾಡಿಕೊಡ್ತೀನಿ," ಎಂದ. ಮಾಡಿಯೂ ಕೊಟ್ಟ.

ಸೋಮವಾರ ಮೂಲೆಯಲ್ಲಿ ಎಂದಿನ ಪ್ರಶ್ನೆ ಬಂತು. ಎರಡನೇ ಗೇರು ಬಿತ್ತು. ಸಾಹೇಬರ ತಲೆ ಅಲುಗಲಿಲ್ಲ.

"ಅಯ್ಯೋ, ಆಗಲ್ಲ ಅಂದ್ಬಿಟ್ರಲ್ಲೇ!" ಎಂದು ಯಾರೋ ಕೂಗಿದ್ದೇ ತಡ, ಬಾನೆಟ್ಟಿನ ಮೇಲೆ ಕೊಡಗಳು ಬಿದ್ದವು. ನೆಗ್ಗಿದ ಕಾರು ಬೆಕ್ಕಿನಂತೆ ಗೇಟು ದಾಟಿತು. ಇಡೀ ಕಚೇರಿ ಚಹಾದ ಲೋಟ ಹಿಡಿದೇ ಸಿಕ್ಕಿಬಿತ್ತು.

ಮಧ್ಯಾಹ್ನವೇ ತುರ್ತು ಸಭೆ. ಕಚೇರಿಯ ಕಾರನ್ನು ಅನುಮತಿಯಿಲ್ಲದೆ ಸರಿಪಡಿಸಿದ್ದು ಡ್ರೈವರನ ಅಪರಾಧ.

"ಮನೆಹಾಳ! ನಿಜವಾಗಿ ನೀರು ಬಿಡೋದು ಅಂದ್ರೆ ಹುಡುಗಾಟವಾ? ಆ ಬೀದಿಗೆ ಪೈಪೇ ಹಾಕಿಲ್ಲ!" ಎಂದು ಸಾಹೇಬರು ಗುಡುಗಿದರು.

ಕಾಯಂ ಆಗುವುದಿರಲಿ, ಇದ್ದ ಕೂಲಿಯೂ ಹೋಯಿತೆಂದು ಡ್ರೈವರು ಕೈಮುಗಿದ. "ತಪ್ಪಾಯ್ತು ಸಾರ್. ಹಳೇ ಬೆಲ್ಟು, ಪ್ಲೇಟು ಎರಡೂ ಗ್ಯಾರೇಜಿನಲ್ಲೇ ಬಿದ್ದಿವೆ. ಮತ್ತೆ ಹಾಕಿಸ್ತೀನಿ."

"ಒಳ್ಳೇ ಸಾಮಾನು ತೆಗೆದು ಕೆಟ್ಟದ್ದು ಹಾಕೋಕೆ ನಿಯಮದಲ್ಲಿ ಅವಕಾಶ ಇಲ್ಲ," ಎಂದರು ಮ್ಯಾನೇಜರು. ನಿಯಮವೆಂದರೆ ನಿಯಮ. ಹೀಗಾಗಿ ಈ ಕೆಳಕಂಡಂತೆ ಆದೇಶ ಹೊರಟಿತು:

"ಎರಡನೇ ಗೇರಿನ ಎಗರಾಟವನ್ನು ಇನ್ನು ಮುಂದೆ ಚಾಲಕರು ತಮ್ಮ ಎಡಗಾಲಿನಿಂದಲೇ ಒದಗಿಸತಕ್ಕದ್ದು. ಗೇಟಿನಲ್ಲಿ ಬೆಲ್ಟಿನ ಕಿರುಚಾಟವನ್ನು ಸ್ವಂತ ಗಂಟಲಿನಿಂದ ನಿರ್ವಹಿಸತಕ್ಕದ್ದು. ಈ ಅರ್ಹತೆ ಬೇರಾರಿಗೂ ಇಲ್ಲದ ಕಾರಣ ಸದರಿಯವರನ್ನು ಕಾಯಂಗೊಳಿಸಲಾಗಿದೆ."

ಈಗ ಎಲ್ಲವೂ ಸುಸೂತ್ರ. ಮೂಲೆಯಲ್ಲಿ ಡ್ರೈವರು ಕ್ಲಚ್ಚನ್ನು ಧಡಕ್ಕನೆ ಬಿಡುತ್ತಾನೆ. ಗೇಟಿನಲ್ಲಿ ಕಿಟಕಿಯಿಂದ ತಲೆ ಹೊರಹಾಕಿ, ನರ ಉಬ್ಬುವಂತೆ ಕಿರುಚುತ್ತಾನೆ. ಗಂಟಲು ಕಟ್ಟಿದರೆ ರಜೆ ಉಂಟು, ಕಾಯಂ ನೌಕರನಲ್ಲವೇ?

ಮೊನ್ನೆ ಸಂಜೆ ಮನೆಗೆ ಬಂದಾಗ ಹೆಂಡತಿ ಖಾಲಿ ಕೊಡ ತೊಳೆದು ಬಾಗಿಲಲ್ಲಿ ಸಾಲಾಗಿ ಇಡುತ್ತಿದ್ದಳು.

"ನಾಳೆ ನೀರು ಗ್ಯಾರಂಟಿ ರೀ. ನಿಮ್ಮ ಸಾಹೇಬರು ಇವತ್ತು ಎರಡು ಸಲ ಹೂಂ ಅಂದ್ರು, ಕಣ್ಣಾರೆ ನೋಡಿದೆ. ಬರುತ್ತೆ ಅಲ್ವಾ?"

ಡ್ರೈವರು ಎಡಗಾಲು ನೀವಿಕೊಳ್ಳುತ್ತ ಹೂಂ ಎಂದು ತಲೆಯಾಡಿಸಿದ.