ನೀರಿಗೆ ಮುನಿಯದ ತಗಡು

ಮನೆಯಲ್ಲಿ ಕಪ್ಪಗಿರುವ ಲೋಹ ಏನೇ ಕಂಡರೂ ಅತ್ತೆಯವರ ಕೈ ಸುಮ್ಮನಿರುವುದಿಲ್ಲ. ಆ ದಿನದ ಎಡವಟ್ಟಿಗೆಲ್ಲ ಅದೇ ಮೂಲ.

"ಅಳಿಯಂದ್ರೇ, ಒಲೆ ಮೇಲಿನ ಗೂಡಲ್ಲಿ ಒಂದು ತಗಡು ಮಸಿ ಹಿಡಿದು ಬಿದ್ದಿತ್ತಲ್ಲ, ಬೆಳಿಗ್ಗೆನೇ ತಿಕ್ಕಿಟ್ಟಿದ್ದೀನಿ. ಮುಖ ನೋಡ್ಕೋಬಹುದು!"

ಹನಿಯಣ್ಣ ನೋಡಿಕೊಂಡ. ತಗಡಿನೊಳಗೆ ಒಬ್ಬ ನಿರುದ್ಯೋಗಿ ಕಂಡ.

ಅದು ಮಸಿಯಾಗಿರಲಿಲ್ಲ. ಹನಿಯಣ್ಣ ಲೇಸರ್ ಕಾರ್ಖಾನೆಯೊಂದರಲ್ಲಿ ಹಂಗಾಮಿ ನೌಕರ. ಲೋಹದ ಮೇಲೆ ಲೇಸರಿನಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳನ್ನು ಕೊರೆದರೆ ತಗಡು ಕಪ್ಪಾಗುತ್ತದೆ. ಆಮೇಲೆ ಅದರ ಮೇಲೆ ಬಿದ್ದ ನೀರು ಅಂಟದೆ ಗೋಲಿಯಂತೆ ಉರುಳಿಹೋಗುತ್ತದೆ. ನೀರೇ ನಿಲ್ಲದ ಮೇಲೆ ಶೀತಲ ಯಂತ್ರದೊಳಗೆ ಮಂಜುಗಡ್ಡೆ ಎಲ್ಲಿಂದ ಕಟ್ಟಬೇಕು? ದಿನವಿಡೀ ಹನಿ ಬಿಟ್ಟು ಪರೀಕ್ಷೆ ಮಾಡುತ್ತ ಕೂರುವುದರಿಂದ ಅವನಿಗೆ ಆ ಹೆಸರು.

ಆದರೆ ಆಗಷ್ಟೇ ಕೊರೆದ ತಗಡಿನದು ತದ್ವಿರುದ್ಧ ಬುದ್ಧಿ. ನೀರು ಕಂಡರೆ ಮೈತುಂಬ ಹಚ್ಚಿಕೊಳ್ಳುತ್ತದೆ. ಎರಡು ಮೂರು ವಾರ ಗಾಳಿ ಕುಡಿದ ಮೇಲೇ ಅದಕ್ಕೆ ನೀರಿನ ಮೇಲೆ ವೈರಾಗ್ಯ ಬರುವುದು. ಎಣ್ಣೆಯ ಹೊಗೆ ತಾಗಿದರೆ ಇನ್ನೂ ಬೇಗ. ಅದಕ್ಕೇ ಅವನು ತಾನು ಕೊರೆದ ತಗಡನ್ನು ಹಣ್ಣಾಗಲೆಂದು ಒಲೆಯ ಮೇಲಿನ ಗೂಡಿನಲ್ಲಿಟ್ಟಿದ್ದ. ಈ ದಿನ ಶೀತಲ ಯಂತ್ರಗಳ ಕಂಪನಿಯ ಮೇಡಂ ಬಂದು ಅದನ್ನು ಮೆಚ್ಚಿದರೆ ಅವನ ಕೆಲಸ ಖಾಯಂ. ಇಲ್ಲದಿದ್ದರೆ ಮನೆಯ ದಾರಿ.

"ಯಾಕೆ, ಇನ್ನೂ ತಿಕ್ಕಬೇಕಿತ್ತಾ?" ಎಂದರು ಅತ್ತೆ, ಸ್ಟೀಲ್ ನಾರು ಕೈಗೆತ್ತಿಕೊಂಡು.

"ಬೇಡ ಅತ್ತೆ, ಇನ್ನು ತಿಕ್ಕೋಕೆ ಉಳಿದಿರೋದು ನನ್ನ ಚರ್ಮ ಒಂದೇ."

ಕಾರ್ಖಾನೆಗೆ ಓಡಿದವನೇ ಹೊಸ ತಗಡು ಕೊರೆದ. ನೋಡಲು ಕಪ್ಪಗೆ ಲಕ್ಷಣವಾಗಿತ್ತು, ಉಪಯೋಗ ಮಾತ್ರ ಸೊನ್ನೆ. ಪಕ್ಕದಲ್ಲಿದ್ದ ವೆಲ್ಡರಿಗೆ ಬಿಟ್ಟಿ ಸಲಹೆ ಕೊಡುವುದೇ ಹವ್ಯಾಸ.

"ತಲೆಗೆ ಹಚ್ಚೋ ಎಣ್ಣೆ ಸವರೋ. ನನ್ನ ತಲೆ ನೋಡು, ಎಷ್ಟು ನೀರು ಸುರಿದ್ರೂ ನಿಲ್ಲಲ್ಲ."

"ನಿನ್ನ ತಲೇಲಿ ಏನೂ ನಿಲ್ಲಲ್ಲ ಬಿಡು!"

ಬೈದನಾದರೂ ಸವರಿದ. ತಗಡು ಜಿಡ್ಡುಜಿಡ್ಡಾಗಿ ಕ್ಷೌರದಂಗಡಿಯಂತೆ ನಾರತೊಡಗಿತು. ಗಾಬರಿಯಿಂದ ಸ್ಪಿರಿಟ್ಟು ಸುರಿದು ತೊಳೆದ. ಈಗ ಅದು ಮೊದಲಿಗಿಂತ ಶುಭ್ರವಾಗಿ, ಮೊದಲಿಗಿಂತ ಹೆಚ್ಚು ಬಾಯಾರಿತ್ತು. ಅಷ್ಟರಲ್ಲಿ ಮ್ಯಾನೇಜರು ಮೇಡಮ್ಮನ್ನು ಕರೆದುಕೊಂಡು ಬಂದೇಬಿಟ್ಟರು.

"ಇದು ನೀರನ್ನ ಹತ್ತಿರಕ್ಕೂ ಸೇರಿಸಲ್ಲ ಮೇಡಂ, ನೀವೇ ನೋಡಿ!" ಎಂದರು ಮ್ಯಾನೇಜರು.

ಮೇಡಂ ತಾವೇ ಒಂದು ಹನಿ ಬಿಟ್ಟರು. ತಗಡು ಅದನ್ನು ಬಾಚಿ ತಬ್ಬಿಕೊಂಡು ಅಂಚಿನ ತನಕ ಬಳಿದುಕೊಂಡಿತು. ಮ್ಯಾನೇಜರ ಮುಖ ತಗಡಿನ ಬಣ್ಣಕ್ಕೆ ತಿರುಗಿತು. ಹನಿಯಣ್ಣ ತನ್ನ ಊಟದ ಡಬ್ಬಿ ಎಲ್ಲಿದೆಯೆಂದು ಕಣ್ಣಲ್ಲೇ ಹುಡುಕಿದ.

"ಅಬ್ಬಾ, ಒಂದು ಹನಿ ಇಷ್ಟಗಲ ಹರಡ್ತಾ!" ಮೇಡಂ ಬಗ್ಗಿ ನೋಡಿದರು. "ಮಂಜುಗಡ್ಡೆ ವಿಷಯ ಹಾಗಿರ್ಲಿ. ನಮ್ಮ ಇನ್ನೊಂದು ಕಾರ್ಖಾನೇಲಿ ತಂಪು ಮಾಡೋ ತಗಡುಗಳಿವೆ. ಅವುಗಳ ಮೇಲೆ ನೀರು ಹೀಗೇ ತೆಳ್ಳಗೆ ಹರಡ್ಬೇಕು. ಹುಡುಕಿ ಹುಡುಕಿ ಸಾಕಾಗಿತ್ತು. ಈ ಗುಣ ಹೀಗೇ ಇರುತ್ತೆ ತಾನೆ?"

"ಮೇಡಂ, ಅದು..." ಎಂದು ಹನಿಯಣ್ಣ ಬಾಯಿ ತೆರೆದ.

ಮ್ಯಾನೇಜರು ಅವನ ಕಾಲು ತುಳಿದರು. "ಜನ್ಮಪೂರ್ತಿ ಇರುತ್ತೆ ಮೇಡಂ! ಬೇಕಂತಲೇ ಹೀಗೆ ಮಾಡಿಸಿದ್ದು."

"ಹಾಗಾದ್ರೆ ಈ ತಗಡು ಇಲ್ಲೇ ಇರ್ಲಿ. ಮುಂದಿನ ತಿಂಗಳು ಬಂದು ಇದರ ಮೇಲೇ ಇನ್ನೊಂದು ಹನಿ ಬಿಟ್ಟು ನೋಡಿ ಸಹಿ ಹಾಕ್ತೀನಿ."

ಮೇಡಂ ಹೋದದ್ದೇ ತಡ, ಮ್ಯಾನೇಜರು ಹನಿಯಣ್ಣನನ್ನು ಅಪ್ಪಿಕೊಂಡರು.

"ಸಾರ್, ಗಾಳಿ ತಾಗ್ತಾ ತಾಗ್ತಾ ಅದು ನೀರನ್ನ ದೂರ ತಳ್ಳುತ್ತೆ..."

"ತಳ್ಳದ ಹಾಗೆ ನೋಡ್ಕೋ! ನೀನಿನ್ನು ಖಾಯಂ ಕಣಯ್ಯಾ. ಈ ತಗಡು ನೀರು ಹಚ್ಚಿಕೊಳ್ತಾ ಇರೋವರೆಗೆ ನಿನ್ನ ಕೆಲಸಾನ ಯಾರೂ ಅಲ್ಲಾಡಿಸೋಕಾಗಲ್ಲ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಮ್ಯಾನೇಜರು ತಗಡನ್ನು ಎಲ್ಲರ ಕಣ್ಣಿಗೂ ಬೀಳುವಂತೆ ತೆರೆದ ಕಿಟಕಿಯ ಅಂಚಿನ ಮೇಲಿಟ್ಟರು. ಕಿಟಕಿಯ ಆಚೆಗೇ ಕ್ಯಾಂಟೀನು. ಅಲ್ಲಿ ಏನನ್ನೋ ಕರಿಯುತ್ತಿದ್ದರು. ಎಣ್ಣೆಯ ಹೊಗೆ ನೇರವಾಗಿ ಒಳಗೆ ನುಗ್ಗಿತು.

ಹನಿಯಣ್ಣ ಎದ್ದೆನೋ ಬಿದ್ದೆನೋ ಎಂದು ಓಡಿ ಕಿಟಕಿ ಮುಚ್ಚಿದ.

"ಖಾಯಂ ಆದ ತಕ್ಷಣ ನಮಗೆ ಗಾಳಿನೂ ಬಂದ್ ಮಾಡ್ತೀಯೇನೋ?" ಎನ್ನುತ್ತ ವೆಲ್ಡರ್ ಬಂದು ಅದನ್ನು ಮತ್ತೆ ಹಾರುಹೊಡೆದು ತೆರೆದ.