ಕಂಡಕ್ಟರ್ ಎರಡನೇ ಸಲ ಮಾತು ಕಲಿತದ್ದು

ಬಸ್ಸಿನ ಕಂಡಕ್ಟರನಿಗೆ ನಗುವ ಪ್ರಸಂಗಗಳು ದಿನಕ್ಕೊಂದಾದರೂ ಸಿಗುತ್ತವೆ. ಅದೇ ಕಂಡಕ್ಟರನಿಗೆ ಲಕ್ವಾ ಹೊಡೆದು ಮಾತು ಹೋಯಿತು ಅನ್ನಿ, ಹೊತ್ತಿಗೊಂದು ಸಿಗುತ್ತವೆ. ನನಗೆ ಹಾಗೇ ಆಯಿತು. ಯಾದಗಿರಿ–ಸುರಪುರ ಬಸ್ಸಿನಲ್ಲಿ ವರ್ಷಾನುಗಟ್ಟಲೆ ಕೂಗಿಕೊಂಡಿದ್ದವನು ಒಂದು ಬೆಳಿಗ್ಗೆ ಹಲ್ಲುಜ್ಜುವಾಗ ಕುಸಿದುಬಿದ್ದೆ. ಬಲಗೈ ಬಿದ್ದುಹೋಯಿತು, ಮಾತು ನಿಂತುಹೋಯಿತು. ಆಮೇಲೆ ಎರಡನ್ನೂ ಮೊದಲಿನಿಂದ ಕಲಿತೆ. ಕಲಿಸಿದವರೆಲ್ಲ ನಗುನಗುತ್ತಲೇ ಕಲಿಸಿದರು, ಅದಕ್ಕೇ ಉಳಿದುಕೊಂಡೆ ಅಂತ ಈಗಲೂ ಅನಿಸುತ್ತದೆ.

ಮೋಸಂಬಿ

ಯಾದಗಿರಿಯ ಆಸ್ಪತ್ರೆಯಲ್ಲಿ ಎಚ್ಚರವಾದಾಗ ಡಾಕ್ಟರು ನನ್ನ ಹೆಸರು ಕೇಳಿದರು. ಹೆಸರು ತಲೆಯಲ್ಲಿತ್ತು. ಬಾಯಿ ತೆರೆದರೆ ಬಂದದ್ದು, "ಮುಂದ ಹೋಗ್ರಿ."

ಡಾಕ್ಟರು ಇನ್ನೊಮ್ಮೆ ಕೇಳಿದರು. ನಾನು ಜೀವ ಹಿಂಡಿ ಪ್ರಯತ್ನಪಟ್ಟೆ. "ಮುಂದ ಹೋಗ್ರಿ, ಮುಂದ ಹೋಗ್ರಿ."

ಹೆಂಡತಿ ಅಳುತ್ತ, "ಕಂಡಕ್ಟರ್ ಅದಾರ್ರಿ" ಅಂದಳು. ಡಾಕ್ಟರು ತಲೆಯಾಡಿಸಿ, ದಿನಾ ಆಡಿ ಆಡಿ ರೂಢಿಯಾದ ಮಾತು ಕೆಲವು ಸಲ ಹೀಗೆ ಉಳಿದುಕೊಳ್ಳುತ್ತದೆ ಎಂದು ವಿವರಿಸಿದರು. ನನಗೆ ಉಳಿದದ್ದು ಅದೊಂದೇ.

ಸಂಜೆ ಸಗರದಿಂದ ಹೆಂಡತಿಯ ಅಣ್ಣ ಒಂದು ಚೀಲ ಮೋಸಂಬಿ ಹೊತ್ತು ಬಂದ. ಆಗ ಹೆಂಡತಿ ಔಷಧಿ ತರಲು ಹೋಗಿದ್ದಳು. ನನ್ನ ಮುಖ ಸೊಟ್ಟಗಾಗಿತ್ತು, ಗಡ್ಡ ಬೆಳೆದಿತ್ತು, ಅವನಿಗೆ ಗುರುತು ಹತ್ತಲಿಲ್ಲ. ಕಾಟಿನ ಹತ್ತಿರ ನಿಂತು ಅನುಮಾನದಿಂದ ನೋಡಿದ. ಬಂದೆಯಲ್ಲಪ್ಪ ಅನ್ನುವ ಖುಷಿಯಲ್ಲಿ ನಾನು, "ಮುಂದ ಹೋಗ್ರಿ" ಅಂದೆ.

"ಆಗ್ಲಿರಿ" ಎಂದು ಅವನು ಮುಂದಿನ ಕಾಟಿಗೆ ಹೋದ. ಅಲ್ಲಿ ಮುಸುಕು ಹಾಕಿ ಮಲಗಿದ್ದ ಯಾರೋ ಮುದುಕನ ಕಾಲು ಹಿಡಿದು, "ಭಾವಾ, ಹೆಂಗಾತ್ರಿ ಇದು" ಎಂದು ಅತ್ತ. ಚೀಲ ತಲೆದಿಂಬಿನ ಹತ್ತಿರ ಇಟ್ಟ. ಹೆಂಡತಿ ವಾಪಸು ಬಂದು, "ಅಣ್ಣಾ, ಅವ್ರಲ್ಲ" ಎಂದು ಕರೆಯುವಷ್ಟರಲ್ಲಿ ಮುದುಕ ಎದ್ದು ಕೂತು ಎರಡನೇ ಹಣ್ಣು ಸುಲಿಯುತ್ತಿದ್ದ.

"ನಿಮ್ಮಣ್ಣ ಭಾಳ ಛಲೋ ಮನಷ್ಯಾ" ಅಂದ ಅವಳಿಗೆ. "ನಾಳಿನೂ ಬರ್ತಾರೇನ್ರಿ?"

ಮೂರೂ ಕಡೆ

ಮನೆಗೆ ಬಂದ ಮೇಲೆ ಶಹಾಪುರದಲ್ಲಿ ಮಾತು ಕಲಿಸುವ ಒಬ್ಬ ಹುಡುಗಿಯ ಹತ್ತಿರ ಹೋಗತೊಡಗಿದೆವು. ನನ್ನ ಮಗಳ ವಯಸ್ಸಿನವಳು, ಆದರೆ ನಾನು ಅವಳನ್ನು ಮೇಡಂ ಅನ್ನುತ್ತೇನೆ. ಮೊದಲ ದಿನವೇ ಆಕೆ, "ಕಾಕಾ, ಮಿದುಳಿನಾಗ ನಿಮ್ಮ ಮಾತಿನ ರಸ್ತಾ ಒಂದ್ ಕಡೆ ಕುಸದದ. ಬ್ಯಾರೆ ದಾರಿ ಅದ, ಆದ್ರ ಅದು ಈಗ ಬರೇ ಕಾಲುದಾರಿ. ದಿನಾ ಓಡಾಡಿದಂಗ ಅಗಲ ಆಗ್ತದ. ನೀವು ಬಿಡದಂಗ ಓಡಾಡ್ಬೇಕು, ಅಷ್ಟೇ" ಅಂದಳು.

ಆಮೇಲೆ ಸುಮ್ಮನೆ, "ಯಾದಗಿರಿ..." ಎಂದು ರಾಗ ಎಳೆದಳು.

ನನ್ನ ಬಾಯಿ ತಾನಾಗಿಯೇ ಹೊರಟಿತು. "ಮುದನಾಳ, ದೋರನಹಳ್ಳಿ, ಶಹಾಪುರ, ಸುರಪುರ." ಹೆಂಡತಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅಷ್ಟು ಶಬ್ದ ಒಟ್ಟಿಗೆ ನನ್ನಿಂದ ಕೇಳಿ ತಿಂಗಳ ಮೇಲಾಗಿತ್ತು.

ತೊಡಕು ಒಂದೇ. ಯಾವ ಊರಿನ ಹೆಸರೂ ಬಿಡಿಯಾಗಿ ಬರುತ್ತಿರಲಿಲ್ಲ. ನಮ್ಮೂರು ದೋರನಹಳ್ಳಿ ಅನ್ನಬೇಕಾದರೆ ಯಾದಗಿರಿಯಿಂದಲೇ ಹೊರಡಬೇಕು.

ಅವತ್ತು ವಾಪಸು ಬರುವಾಗ ಹೆಂಡತಿ ಕಾಯಿಪಲ್ಲೆ ಕೊಳ್ಳಲು ನಿಂತಳು. ನಾನು ಧೈರ್ಯ ಮಾಡಿ ಒಂದು ಆಟೋ ಹತ್ತಿ ಕೂತೆ. ಎಲ್ಲಿಗೆ ಎಂದು ಆಟೋದವನು ಕೇಳಿದ.

"ಯಾದಗಿರಿ" ಅಂದೆ. ಅವನು ಗಾಡಿ ಚಾಲೂ ಮಾಡಿದ. "ಮುದನಾಳ" ಅಂದೆ. ಅವನು ಬಂದ್ ಮಾಡಿದ. "ದೋರನಹಳ್ಳಿ" ಅಂದು ನಾನು ಸಮಾಧಾನದಿಂದ ಒರಗಿ ಕೂತೆ.

ಅವನು ಹಿಂದೆ ತಿರುಗಿ ನನ್ನನ್ನು ಚೆನ್ನಾಗಿ ನೋಡಿದ. "ಯಜಮಾನ್ರ, ಮೂರೂ ಕಡೆ ಹೆಣ್ಣು ನೋಡೋದದ ಏನ್ರಿ?"

ಹಾಲು ಕೊಟ್ಟು ಕಲಿಸಿದ್ದು

ಕೇಳುವ ಮೊದಲೇ ಏನನ್ನೂ ಕೈಗೆ ಕೊಡಬೇಡಿ, ಬಾಯಿಬಿಟ್ಟು ಕೇಳಲಿ ಎಂದು ಮೇಡಂ ಹೇಳಿದ್ದಳು. ಹೆಂಡತಿ ಅದನ್ನು ಚಾಚೂ ತಪ್ಪದೆ ಪಾಲಿಸಿದಳು. ಬಿಸಿ ರೊಟ್ಟಿ ನನ್ನ ಕಣ್ಣ ಮುಂದೆ ಹಿಡಿದು, "ರೊಟ್ಟಿ ಅನ್ರಿ, ಕೊಡ್ತೀನಿ" ಅನ್ನುತ್ತಿದ್ದಳು. ನಾನು ತುಟಿ ಸುತ್ತಿ ಒದ್ದಾಡುತ್ತಿದ್ದೆ.

ನನ್ನ ಅವ್ವನಿಗೆ ಇದನ್ನು ನೋಡಲಾಗಲಿಲ್ಲ. "ಇವನಿಗೆ ಮೊದಲ್ನೇ ಸಲ ಮಾತು ಕಲಿಸಿದಾಕಿ ನಾನು. ಹಾಲು ಕೊಟ್ಟು ಕಲಿಸೀನಿ, ಉಪಾಸ ಕೆಡವಿ ಅಲ್ಲ" ಅಂದಳು.

ಹೆಂಡತಿ ಜಗ್ಗಲಿಲ್ಲ. ಅವ್ವನೂ ಜಗ್ಗಲಿಲ್ಲ. ಸೊಸೆ ಹಿತ್ತಿಲಿಗೆ ಹೋದ ಕೂಡಲೇ ಸೆರಗಿನಲ್ಲಿ ಬಚ್ಚಿಟ್ಟ ರೊಟ್ಟಿಯನ್ನು, ಶೇಂಗಾ ಚಟ್ನಿ ಸವರಿ, ನನ್ನ ಬಾಯಿಗೆ ಇಡುತ್ತಿದ್ದಳು. ನನಗೂ ಮಾತಿಗಿಂತ ಆ ದಾರಿಯೇ ಸಲೀಸು ಅನಿಸಿತು.

ಮುಂದಿನ ಭೇಟಿಯಲ್ಲಿ ಹೆಂಡತಿ ಸೋತ ದನಿಯಲ್ಲಿ, "ಒಂದ್ ಶಬ್ದನೂ ಕಲೀವಲ್ರು ಮೇಡಂ, ಹೊಟ್ಟಿಗಿಲ್ದ ಸೊರಗ್ಯಾರ" ಅಂದಳು. ಮೇಡಂ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸೊರಗ್ಯಾರಂದ್ರ ಅಂಗಿ ಗುಂಡಿ ಯಾಕ ಹತ್ತವಲ್ಲವು?" ಎಂದು ಕೇಳಿದಳು.

ಸಾಹೇಬರ ಮರ್ಯಾದೆ

ಅವ್ವನ ರೊಟ್ಟಿ ನಿಂತ ಮೇಲೆ ಶಬ್ದಗಳು ಒಂದೊಂದಾಗಿ ಬಂದವು. ಕೆಲವು ಮಾತ್ರ ಅದಲುಬದಲಾಗಿ ಬರುತ್ತಿದ್ದವು. 'ನೀರು' ಅನ್ನಲು ಹೋದರೆ 'ನಾಯಿ' ಬರುತ್ತಿತ್ತು. ಮನೆಯವರಿಗೆ ರೂಢಿಯಾಗಿತ್ತು, ನಾಯಿ ಅಂದರೆ ತಂಬಿಗೆ ತರುತ್ತಿದ್ದರು.

ಒಂದು ದಿನ ಡಿಪೋದ ಸಾಹೇಬರು ಮನೆಗೆ ಬಂದರು. ನಾನು ಮತ್ತೆ ಬಸ್ಸು ಹತ್ತಬಹುದೋ, ಡಿಪೋದ ಮೂಲೆಯಲ್ಲಿ ಕೂರಬೇಕೋ ಎಂದು ಕಣ್ಣಾರೆ ನೋಡಲು ಬಂದಿದ್ದರು. "ಬರ್ರಿ ಸಾಹೇಬ್ರ, ಕೂಡ್ರಿ" ಅಂದೆ. ಸರಿಯಾಗಿಯೇ ಬಂತು. ಸಾಹೇಬರ ಮುಖ ಅರಳಿತು. ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು. ಹುರುಪಿನಲ್ಲಿ, "ನಾಯಿ ಕುಡೀರಿ" ಎಂದುಬಿಟ್ಟೆ.

ಹೆಂಡತಿ ತಂಬಿಗೆ ಹಿಡಿದು ಬಾಗಿಲಿಗೆ ಓಡಿಬಂದಳು. ಸಾಹೇಬರು ಸಣ್ಣ ನಗುವನ್ನೂ ತೋರದೆ ಕೈಮುಗಿದರು.

"ಬ್ಯಾಡ್ರಿ" ಅಂದರು, "ಈಗ ತಾನೇ ಕುಡದು ಬಂದೀನಿ."

ಅಂಥವರ ಕೈಕೆಳಗೆ ಕೆಲಸ ಮಾಡುವ ಪುಣ್ಯ ಎಲ್ಲರಿಗೂ ಸಿಗುವುದಿಲ್ಲ. ಹೋಗುವಾಗ ಹೆಂಡತಿಗೆ, "ಅವಸರ ಮಾಡಬ್ಯಾಡ್ರಿ, ಅವರ ಜಾಗ ಎಲ್ಲೂ ಹೋಗಂಗಿಲ್ಲ" ಅಂದರಂತೆ.

ಪಡಸಾಲೆ ಬಸ್ಸು

ಆಮೇಲೆ ನಮ್ಮ ಪಡಸಾಲೆಯೇ ಬಸ್ಸಾಯಿತು. ಮಂಚ, ಬೆಂಚು ಎಲ್ಲ ಸೀಟುಗಳು. ಟಿಕೆಟ್ ಮಷೀನು ಅಂತ ಹೆಂಡತಿ ಟಿವಿ ರಿಮೋಟು ಕೊಟ್ಟಳು. ಅದನ್ನು ಬಲಗೈಯಲ್ಲಿ ಹಿಡಿದು ಹೆಬ್ಬೆಟ್ಟಿನಿಂದ ಒತ್ತುವುದೇ ಒಂದು ತಪಸ್ಸು. ಮೊದಮೊದಲು ರಿಮೋಟು ಕೈಯಿಂದ ಜಾರುತ್ತಿತ್ತು, ಆಮೇಲೆ ನಿಂತಿತು, ಆಮೇಲೆ ಬೆರಳು ಮಾತು ಕೇಳಿತು. ಓಣಿಯ ಹೆಂಗಸರು ಕೆಲಸ ಮುಗಿಸಿ ಬಂದು ಪ್ಯಾಸೆಂಜರ್ ಆಗಿ ಕೂರುತ್ತಿದ್ದರು. ಇವರಿಗೆಲ್ಲ ನಾನು ಏನು ಕೊಟ್ಟೇನು.

ಈಗ ಹೆಂಗಸರಿಗೆ ಟಿಕೆಟ್ ಪುಕ್ಕಟೆ, ಆಧಾರ್ ಕಾರ್ಡ್ ತೋರಿಸಿದರೆ ಸಾಕು. ಆಧಾರ್ ಅನ್ನಲು ಮಾತ್ರ ನನ್ನ ನಾಲಿಗೆ ಎಷ್ಟು ಪ್ರಯತ್ನಪಟ್ಟರೂ ಹೊರಳುತ್ತಿರಲಿಲ್ಲ. ಒಂದು ಮಧ್ಯಾಹ್ನ ಅವ್ವ ಮಂಚ ಹತ್ತಿ, "ಸುರಪುರಕ್ಕ ಒಂದು ಕೊಡಪ್ಪ, ತವರಮನಿಗೆ ಹೊಂಟೀನಿ" ಅಂದಳು.

ನಾನು ಉಸಿರು ಎಳೆದುಕೊಂಡೆ. "ಆ... ಆಧಾರ್ ತೋರಸ್ರಿ." ಸ್ಪಷ್ಟವಾಗಿ ಬಂತು. ಇಡೀ ಪಡಸಾಲೆ ಚಪ್ಪಾಳೆ ತಟ್ಟಿತು. ಅವ್ವ ಮಾತ್ರ ಮುಖ ಗಂಟಿಕ್ಕಿಕೊಂಡಳು.

"ಹಡದ ತಾಯಿಗೆ ಆಧಾರ್ ಕೇಳ್ತೀಯೇನೋ? ನನ್ನ ಮಗಾ ಅನ್ನಾಕ ನೀ ಏನ್ ತೋರಸ್ತಿ, ತೋರ್ಸು."

ಹೋಲ್ಡಾನ್

ಡಾಕ್ಟರು ಒಪ್ಪಿದ ಮೇಲೆ ಮತ್ತೆ ಬಸ್ಸು ಹತ್ತಿದೆ. ಡ್ರೈವರ್ ನನ್ನ ಹಳೇ ಜೊತೆಗಾರ. ಮೊದಲ ದಿನವೇ ಎಲ್ಲರಿಗೂ ಟಿಕೆಟ್ ಕೊಟ್ಟೆ. ಬೆರಳು ಮಷೀನಿನ ಮೇಲೆ ತಾನಾಗಿಯೇ ಓಡಿತು, 'ರೈಟ್' ಸಲೀಸಾಗಿ ಬಂತು. ಬಸ್ಸು ನಿಲ್ಲಿಸಲು ಕೂಗುವ 'ಹೋಲ್ಡಾನ್' ಮಾತ್ರ ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. ದೊಡ್ಡ ಊರುಗಳಲ್ಲಿ ಡ್ರೈವರ್ ತಾನೇ ನಿಲ್ಲಿಸಿದ.

ಶಹಾಪುರ ದಾಟಿದ ಮೇಲೆ ಒಂದು ಕ್ರಾಸಿನಲ್ಲಿ, ದನದ ಹಿಂಡಿಯ ಚೀಲ ಇಟ್ಟುಕೊಂಡಿದ್ದ ಒಬ್ಬ ಹೆಂಗಸು ಇಳಿಯಲು ಎದ್ದಳು. ಅಲ್ಲಿ ಕೇಳಿದರೆ ಮಾತ್ರ ಬಸ್ಸು ನಿಲ್ಲುತ್ತದೆ.

"ಹೋ..." ಅಂದೆ. ಮುಂದಿನದು ಬರಲಿಲ್ಲ. "ಹೋ... ಹೋ..."

ಡ್ರೈವರಿಗೆ ಅದು 'ಹೋಗು, ಹೋಗು' ಎಂದು ಕೇಳಿಸಿತು. ಗೇರ್ ಬದಲಿಸಿ ಜೋರು ಮಾಡಿದ. ನಾನು ಇನ್ನಷ್ಟು ಗಾಬರಿಯಾಗಿ, "ಹೋ, ಹೋ, ಹೋ" ಅಂದೆ. ಅವನು ಇನ್ನಷ್ಟು ಜೋರು ಮಾಡಿದ. ಕ್ರಾಸು ಹಿಂದೆ ಹೋಯಿತು, ಹತ್ತಿ ಹೊಲಗಳು ಹೋದವು, ಒಂದು ಹಳ್ಳದ ಸೇತುವೆ ಹೋಯಿತು. ಕೊನೆಗೆ ಎಲ್ಲಿಂದಲೋ "ಲ್ಡಾನ್" ಬಂತು. ಬಸ್ಸು ಕಿರ್ ಎಂದು ನಿಂತಿತು.

ನನ್ನ ಕಣ್ಣಲ್ಲಿ ನೀರು ತುಂಬಿತ್ತು. ಇವತ್ತೇ ಕೊನೇ ದಿನ, ನಾಳೆಯಿಂದ ಡಿಪೋದ ಮೂಲೆಯೇ ಗತಿ ಅಂದುಕೊಂಡೆ. ಆ ಹೆಂಗಸಿನ ಮುಂದೆ ಕೈಮುಗಿದು, "ತಪ್ಪಾತ್ರಿ ಅಕ್ಕಾ, ಭಾಳ ದೂರ ಬಂದೀವಿ" ಅಂದೆ.

ಆಕೆ ಕಿಟಕಿಯಿಂದ ಹೊರಗೆ ನೋಡಿದಳು. ಚೀಲ ಎತ್ತಿ ಬಾಗಿಲ ಮುಂದೆಯೇ ಇದ್ದ ಬದುವಿನ ಮೇಲೆ ಇಳಿಸಿದಳು. ಆಮೇಲೆ ತಾನಿಳಿದು ನನ್ನ ಕಡೆ ತಿರುಗಿದಳು.

"ಅಣ್ಣಾ, ಇದು ನಮ್ಮ ಹೊಲ. ಇಲ್ಲಿ ನಿಲ್ಸ್ರಿ ಅಂತ ಮದುವ್ಯಾಗಿ ಬಂದಾಗಿಂದ ಎಲ್ಲಾ ಕಂಡಕ್ಟರಿಗೂ ಕೈ ಮುಗದೀನಿ, ಒಬ್ರೂ ನಿಲ್ಸಿಲ್ಲ" ಅಂದಳು. "ನಾಳಿನೂ ನೀವೇ ಬರ್ರಿ. ಅವಸರ ಮಾಡಬ್ಯಾಡ್ರಿ, ಹಿಂಗೇ ನಿಧಾನಕ್ಕ ಹೇಳ್ರಿ."