ಉಜ್ಜನಪ್ಪನ ಮನೆಪಾಠ

ಇಷ್ಟಕ್ಕೆಲ್ಲ ಕಾರಣ ಒಂದು ಬೆರಳು.

ಬೆರಳು ಉಜ್ಜನಪ್ಪನ ಮಗಳು ಮುಕ್ತಾಳದ್ದು. ಅರವತ್ತೊಂದನೇ ಇಸವಿಯ ಜೂನ್ ತಿಂಗಳು. ಆಗ ಅವಳಿಗೆ ನಾಲ್ಕೂವರೆ ವರ್ಷ. ಎದ್ದಾಗಿನಿಂದ ಮಲಗುವವರೆಗೆ ಕಾದ ಎಣ್ಣೆಗೆ ಬಿದ್ದ ಸಾಸಿವೆಯ ಹಾಗೆ ಚಟಪಟ ಮಾತಾಡುವ ಹುಡುಗಿ. ಭದ್ರಾವತಿಯ ಕಾಗದನಗರದಲ್ಲಿ ಕ್ವಾರ್ಟರ್ಸಿನ ಹೆಂಗಸರೇ ಸೇರಿ ತೆರೆದಿದ್ದ ಶಿಶುವಿಹಾರಕ್ಕೆ ಮೊದಲ ದಿನ ಹೋಗಿ ಬಂದವಳು, ಕೈ ಕಟ್ಟಿ, ತುಟಿಯ ಮೇಲೆ ಬೆರಳಿಟ್ಟು, ಗೋಡೆಗೊರಗಿ ಕೂತುಬಿಟ್ಟಳು. ಊಟಕ್ಕೆ ಕರೆದರೂ ಬೆರಳು ಕದಲಲಿಲ್ಲ.

"ಯಾಕವ್ವಾ, ಹಲ್ಲು ನೋವಾ?" ಎಂದ ಉಜ್ಜನಪ್ಪ.

"ಟೀಚರ್ ಇನ್ನೂ ತೆಗಿ ಅಂದಿಲ್ಲ" ಎಂದಳು ಮುಕ್ತಾ, ಬೆರಳಿನ ಪಕ್ಕದಿಂದ.

ಉಜ್ಜನಪ್ಪ ಕಾಗದದ ಕಾರ್ಖಾನೆಯಲ್ಲಿ ರೀಮು ಎಣಿಸುವ ವಿಭಾಗದ ಗುಮಾಸ್ತ. ಮೇಸ್ತ್ರಿ ಕೆಮ್ಮಿದರೆ ಎದ್ದು ನಿಲ್ಲುವ ಪೈಕಿ. ಆದರೆ ಆ ಸಂಜೆ ಆ ಪುಟ್ಟ ಬೆರಳನ್ನು ನೋಡಿ ಅವನಿಗೆ ಎಲ್ಲಿಲ್ಲದ ಸಿಟ್ಟು ಬಂತು.

"ನನ್ನ ಮಗಳ ಬಾಯಿಗೆ ಬೀಗ ಹಾಕೋ ಸ್ಕೂಲು ನನಗೆ ಬೇಡ. ನಾನೇ ಕಲಿಸ್ತೀನಿ!"

"ನೀವಾ?" ಎಂದಳು ಹೆಂಡತಿ ಶಂಕರಮ್ಮ.

ಆ ಒಂದು ಪದ ಅವನ ಚರಿತ್ರೆಯನ್ನೆಲ್ಲ ತೆರೆದಿಟ್ಟಿತು. ಹಗಲು ದುಡಿದು ಸಂಜೆ ತರಗತಿಗೆ ಹೋಗಿ, ಎರಡನೇ ಸಲಕ್ಕೆ ಎಸ್ಸೆಸ್ಸೆಲ್ಸಿ ದಾಟಿದವನು. ಶಂಕರಮ್ಮನೋ ಹೆಡ್‌ಮಾಸ್ತರರ ಮಗಳು. ಉಜ್ಜನಪ್ಪನಿಗೆ ಆಗಲೇ ಒಳಗೆ ಅಳುಕು ಶುರುವಾಯಿತು. ಆದರೆ ಆಡಿದ ಮಾತು ಆಗಲೇ ಕಿಟಕಿ ದಾಟಿ ಪಕ್ಕದ ಮನೆಯ ತುಂಗಮ್ಮನ ಕಿವಿ ಮುಟ್ಟಿತ್ತು. ಇನ್ನು ಹಿಂದೆ ಸರಿಯುವ ಹಾಗಿರಲಿಲ್ಲ.

ಮೇಸ್ತ್ರಿಯ ಕೈಕಾಲು ಹಿಡಿದು ಕಾಯಂ ಎರಡನೇ ಪಾಳಿ ಹಾಕಿಸಿಕೊಂಡ. ಮಧ್ಯಾಹ್ನ ಎರಡಕ್ಕೆ ಸೈರನ್ ಕೂಗಿದರೆ ಕೆಲಸ; ಬೆಳಗ್ಗೆಯೆಲ್ಲ ಪಾಠ. ಮನೆಯಲ್ಲಿದ್ದದ್ದು ಒಂದನೇ ಕ್ಲಾಸಿನ ಒಂದೇ ಪುಸ್ತಕ. ಅದನ್ನು ತೊಡೆಯ ಮೇಲಿಟ್ಟುಕೊಂಡು ಜಗಲಿಯಲ್ಲಿ ಪದ್ಮಾಸನ ಹಾಕುತ್ತಿದ್ದ. ಮುಕ್ತಾ ಮಡಿಲಿಗೆ ಹತ್ತಲು ಬಂದರೆ, "ಊಹೂಂ, ಎದುರಿಗೆ ಕೂತ್ಕೋ. ಮಡಿಲಲ್ಲಿ ಕೂತರೆ ತುತ್ತು ಇಳೀತದೆ, ವಿದ್ಯೆ ಇಳಿಯಲ್ಲ" ಎನ್ನುತ್ತಿದ್ದ. ಸಂಜೆ ತರಗತಿಯ ಮೇಷ್ಟರು ಅವನಿಗೆ ಹೇಳಿಕೊಟ್ಟಿದ್ದ ಮಾತು ಅದು. ಬರವಣಿಗೆಯನ್ನು ಮಾತ್ರ ಇನ್ನೂ ಶುರು ಮಾಡಿರಲಿಲ್ಲ. ವಿಜಯದಶಮಿಯ ದಿನ ಅಯ್ಯನವರನ್ನು ಕರೆಸಿ ಅಕ್ಕಿಯ ಮೇಲೆ ಓಂಕಾರ ಬರೆಸುವವರೆಗೆ ಬಳಪ ಮುಟ್ಟಿಸಬಾರದಲ್ಲ.

ಉಜ್ಜನಪ್ಪ ಸಾಲಿನ ಮೇಲೆ ಬೆರಳೋಡಿಸುತ್ತಿದ್ದ, ಮುಕ್ತಾ ಓದುತ್ತಿದ್ದಳು. ಮೂರು ತಿಂಗಳಲ್ಲಿ ಪುಸ್ತಕ ಮುಗಿಯಿತು. ಯಾವ ಪುಟ ತೆಗೆದರೂ ತಡವರಿಸದೆ ಓದಿದಳು. ಶಂಕರಮ್ಮ ಇದನ್ನೆಲ್ಲ ಅಡುಗೆಮನೆಯಿಂದ ಕಿವಿಯಲ್ಲಿ ಕೇಳಿದ್ದಳೇ ಹೊರತು ಒಂದು ದಿನವೂ ಹೊರಗೆ ಬಂದು ಕಣ್ಣಲ್ಲಿ ನೋಡಿರಲಿಲ್ಲ.

ಓಣಿ ಸುಮ್ಮನಿರಬೇಕಲ್ಲ. "ನಮ್ಮ ಶಶಿಕಲಾ ಶಿಶುವಿಹಾರದಲ್ಲಿ ಗೊಂಬೆ ಕೂತಂಗೆ ಕೂತಿರ್ತಾಳೆ. ನಿಮ್ಮ ಹುಡುಗಿ ಜಗಲೀಲಿ ಕೂತು ಕಾಗೆ ಓಡಿಸ್ತಾಳೆ" ಎನ್ನುತ್ತಿದ್ದಳು ತುಂಗಮ್ಮ. ಅವಳ ಗಂಡ, ಬಾಯ್ಲರ್ ವಿಭಾಗದ ಹೊನ್ನಯ್ಯ, "ಉಜ್ಜನಪ್ಪಣ್ಣ, ನಾಳೆ ಮಗಳ ಮದುವೆ ಮಂತ್ರಾನೂ ನೀನೇ ಹೇಳಿಬಿಡು ಮಾರಾಯ, ಅಯ್ಯನೋರು ಯಾಕೆ" ಎಂದು ಸೈಕಲ್ಲಿನಿಂದ ಇಳಿಯದೆ ಹೇಳಿ ಹೋಗುತ್ತಿದ್ದ. ಕೊನೆಗೆ ತುಂಗಮ್ಮನೇ ಒಂದು ಕಾರ್ಡು ಗೀಚಿ, ಶಿವಮೊಗ್ಗದ ದುರ್ಗಿಗುಡಿಯಲ್ಲಿದ್ದ ಶಂಕರಮ್ಮನ ತಂದೆಗೆ ಹಾಕಿದಳು.

ಆ ಭಾನುವಾರ ಮೊದಲ ಬಸ್ಸಿಗೆ ಮಾವ ಪರಮೇಶ್ವರಪ್ಪ ಬಂದಿಳಿದರು. ರಿಟೈರಾದ ಹೆಡ್‌ಮಾಸ್ತರು, ಕಂಕುಳಲ್ಲಿ ಕೊಡೆ, ಕೈಚೀಲದಲ್ಲಿ ಹೊಸ ಪುಸ್ತಕ. ಕಾಲು ತೊಳೆಯುವ ಮೊದಲೇ, "ಏನಯ್ಯ, ಮಗೂನ ಸ್ಕೂಲು ಬಿಡಿಸಿದ್ದೀಯಂತೆ?" ಎಂದರು.

"ಬಿಡಿಸಿಲ್ಲ ಮಾವ. ಮನೆಗೇ ತಂದಿದ್ದೀನಿ."

"ಮೊಸರು ತಂದಂಗೆ ತರೋಕೆ ಆಗ್ತದೇನಯ್ಯ ಅದನ್ನ?"

ಇನ್ನೊಂದು ದಿನವಾಗಿದ್ದರೆ ಉಜ್ಜನಪ್ಪ ತಲೆ ತಗ್ಗಿಸುತ್ತಿದ್ದ. ಇವತ್ತು ಕಾಂಪೌಂಡಿನಾಚೆ ತುಂಗಮ್ಮನ ಸೆರಗು ಕಂಡಿತು. "ನೀವೇ ಪರೀಕ್ಷೆ ಮಾಡಿ. ಓದಲಿಲ್ಲ ಅಂದ್ರೆ ನಾಳೆ ಬೆಳಗ್ಗೆ ನಾನೇ ಹೆಗಲ ಮೇಲೆ ಹೊತ್ತು ಶಿಶುವಿಹಾರಕ್ಕೆ ಬಿಡ್ತೀನಿ. ಓದಿದಳು ಅಂದ್ರೆ ಈ ಓಣೀಲಿ ಯಾರೂ ತುಟಿ ಬಿಚ್ಚಬಾರದು!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದ.

"ಸರಿ. ನಾನು ಕೊಟ್ಟ ಪುಸ್ತಕ, ನಾನು ಕೊಟ್ಟಂಗೆ ಓದಬೇಕು. ಗೊತ್ತಾಯ್ತಾ?"

"ಆಯ್ತು!"

ಹತ್ತು ಗಂಟೆಗೆ ಜಗಲಿಯ ಮುಂದೆ ಓಣಿಗೆ ಓಣಿಯೇ ನೆರೆಯಿತು. ಎದುರುಮನೆಯ ಲಿಂಗಮ್ಮಜ್ಜಿ ಕೂರಲು ಮಣೆಯನ್ನೂ ತಂದಿದ್ದಳು. ತುಂಗಮ್ಮ ಶಿಶುವಿಹಾರದ ಟೀಚರ್ ಜಯಶೀಲಾಳನ್ನು ಸಾಕ್ಷಿಗೆಂದು ಕೈ ಹಿಡಿದು ಎಳೆದು ತಂದಳು. ಇಪ್ಪತ್ತರ ಹುಡುಗಿ, ಬಲವಂತಕ್ಕೆ ಬಂದು ಕಂಬದ ಮರೆಯಲ್ಲಿ ನಿಂತಳು.

ಪರಮೇಶ್ವರಪ್ಪನವರು ಪುಸ್ತಕ ತೆರೆದು ಮೊಮ್ಮಗಳ ಕೈಗಿಟ್ಟರು. "ಓದವ್ವ."

ಮುಕ್ತಾ ನೋಡಿದಳು. ಹುಬ್ಬು ಗಂಟಿಕ್ಕಿ ಮತ್ತೆ ನೋಡಿದಳು. ಆಮೇಲೆ ಪುಸ್ತಕವನ್ನು ಗರ್ರನೆ ತಿರುಗಿಸಿದಳು.

"ಏಯ್, ನೆಟ್ಟಗೆ ಹಿಡ್ಕೋ" ಎಂದು ತಾತ ಸರಿಮಾಡಿದರು. ಅವಳು ಮತ್ತೆ ತಿರುಗಿಸಿದಳು, ಅವರು ಮತ್ತೆ ಸರಿಮಾಡಿದರು. ಮೂರನೇ ಸಲ ಕೊಂಚ ಗದರಿದರು. ಮುಕ್ತಾ ಪುಸ್ತಕ ಕೆಳಗಿಟ್ಟು, ಕೈ ಕಟ್ಟಿ, ತುಟಿಯ ಮೇಲೆ ಬೆರಳಿಟ್ಟಳು.

ಉಜ್ಜನಪ್ಪ ಬೆಚ್ಚಿದ. ಸೋಲಿಗಲ್ಲ, ಆ ಬೆರಳಿಗೆ. ಅವನು ನುಗ್ಗಿ ಹೋಗಿ ಮಗಳ ಮುಂದೆ ಕುಕ್ಕರುಗಾಲಲ್ಲಿ ಕೂತ. "ಬೆರಳು ತೆಗಿಯವ್ವ. ಯಾರಿಗೂ ಹೆದರಬೇಡ. ನೀನು ದಿನಾ ಹೆಂಗೆ ಓದ್ತೀಯೋ ಹಂಗೇ ಓದು."

ಮುಕ್ತಾ ಬೆರಳು ತೆಗೆದಳು. ಪುಸ್ತಕವನ್ನು ತಲೆಕೆಳಗು ಮಾಡಿದಳು. "ಆನೆ ಕೆರೆಗೆ ಹೋಯಿತು, ನೀರು ಕುಡಿಯಿತು, ಮರಿಯ ಮೈ ತೊಳೆಯಿತು" ಎಂದು ಶುರುಮಾಡಿ, ಸಿಗ್ನಲ್ ಬಿದ್ದ ರೈಲಿನಂತೆ ಓಡಿ ಪುಟದ ಕೊನೆಯಲ್ಲೇ ನಿಂತಳು.

ಓಣಿ ಒಂದು ಗಳಿಗೆ ಉಸಿರು ಬಿಡಲಿಲ್ಲ. ಬಿಟ್ಟಾಗ ನಗುವಾಗಿಯೇ ಬಿಟ್ಟಿತು.

"ಮಗಳಿಗೆ ಬಾವಲಿ ವಿದ್ಯೆ ಕಲಿಸಿದ್ದೀಯಲ್ಲೋ ಮಾರಾಯ!" ಎಂದು ಹೊನ್ನಯ್ಯ ಹೊಟ್ಟೆ ಹಿಡಿದುಕೊಂಡ.

ಉಜ್ಜನಪ್ಪನಿಗೆ ಆಗ ಹೊಳೆಯಿತು. ಮೂರು ತಿಂಗಳೂ ಪುಸ್ತಕ ತನಗೆ ನೆಟ್ಟಗಿತ್ತು. ಎದುರಿಗೆ ಕೂತವಳಿಗೆ ತಲೆಕೆಳಗಾಗಿತ್ತು! ಕಿವಿ ಬಿಸಿಯಾಯಿತು. ಆದರೂ ಸೊಂಟಕ್ಕೆ ಕೈಯಿಟ್ಟ. "ಓದಿದಳೋ ಇಲ್ವೋ? ನೆಟ್ಟಗೆ ಓದೋದು ಯಾರಿಗಾದ್ರೂ ಬರ್ತದೆ. ನೀವ್ಯಾರಾದರೂ ಹಿಂಗೆ ಓದಿ ನೋಡೋಣ!"

"ಪ್ರಪಂಚದ ಪುಸ್ತಕಾನೆಲ್ಲ ನಿನ್ನ ಮಗಳಿಗೋಸ್ಕರ ತಲೆಕೆಳಗೆ ಅಚ್ಚು ಹಾಕಿಸ್ತೀಯೇನಯ್ಯ?" ಎಂದರು ಮಾವ. "ನಾನು ಕೊಟ್ಟಂಗೆ ಓದಬೇಕು ಅಂತ ಮಾತಾಗಿತ್ತು. ನಾಳೆ ಬೆಳಗ್ಗೆ ಶಿಶುವಿಹಾರ."

ಗೆಲುವನ್ನು ಅರ್ಧಕ್ಕೆ ಬಿಡುವವಳಲ್ಲ ತುಂಗಮ್ಮ. "ನಮ್ಮ ಶಿಶುವಿಹಾರದ ಓದು ಹೆಂಗಿದೆ ಅಂತಾನೂ ನೋಡಿಬಿಡಿ ಮೇಷ್ಟರೇ" ಎಂದು ಮಗಳನ್ನು ಮುಂದೆ ತಳ್ಳಿದಳು. ಶಶಿಕಲಾ ಪುಸ್ತಕ ತೆಗೆದುಕೊಂಡು, ನೆಟ್ಟಗೇ ಹಿಡಿದು, ಆನೆಯನ್ನು ಕೆರೆಗೆ ಹೊಡೆದುಕೊಂಡು ಹೋಗಿ ನೀರು ಕುಡಿಸಿ ವಾಪಸು ತಂದಳು.

"ಭೇಷ್!" ಎಂದರು ಪರಮೇಶ್ವರಪ್ಪನವರು. "ಟೀಚರ್, ಚೆನ್ನಾಗಿ ಕಲಿಸಿದ್ದೀರಿ."

ಕಂಬದ ಮರೆಯ ಜಯಶೀಲಾಳ ಮುಖ ಬಿಳಿಚಿತು. "ನಾನು... ನಾನಿನ್ನೂ ಅಕ್ಷರ ಶುರು ಮಾಡಿಲ್ಲ ಸಾರ್. ಸುಮ್ಮನೆ ಕೂರೋದೇ ಇನ್ನೂ ನಡೀತಾ ಇದೆ."

ತುಂಗಮ್ಮ ಮಗಳ ರಟ್ಟೆ ಹಿಡಿದಳು. "ಹಂಗಾದ್ರೆ ಯಾರೇ ನಿಂಗೆ ಕಲಿಸಿದ್ದು?"

"ಮುಕ್ತಾ ಟೀಚರ್" ಎಂದಳು ಶಶಿಕಲಾ. "ನಂಗೊಬ್ಬಳಿಗೇ ಅಲ್ಲ, ಎಲ್ರಿಗೂ."

ವಿಚಾರಣೆಯಾಗಿ ತಿಳಿದದ್ದು ಇಷ್ಟು. ಎರಡರ ಸೈರನ್ ಕೂಗಿದರೆ ಉಜ್ಜನಪ್ಪ ಕೆಲಸಕ್ಕೆ ಹೋಗುತ್ತಿದ್ದ, ಓಣಿಯ ತಾಯಂದಿರು ಒಂದು ನಿದ್ದೆ ತೆಗೆಯುತ್ತಿದ್ದರು, ಮುಕ್ತಾ ಅಪ್ಪನ ಜಾಗದಲ್ಲಿ ಅಪ್ಪನ ಹಾಗೇ ಪದ್ಮಾಸನ ಹಾಕಿ ಪಾಠ ಹೇಳುತ್ತಿದ್ದಳು. ಪುಸ್ತಕ ಅವಳ ತೊಡೆಯ ಮೇಲೆ, ಅವಳಿಗೆ ಓದಲು ಬರುವ ಹಾಗೆ, ಅಂದರೆ ತಲೆಕೆಳಗಾಗಿ. ಎದುರಿಗೆ ಶಿಶುವಿಹಾರ ಮುಗಿಸಿ ಬಂದ ಓಣಿಯ ಹನ್ನೊಂದು ಮಕ್ಕಳು. ಅವರ ಕಣ್ಣಿಗೆ ಪುಸ್ತಕ ಸರಿಯಾಗಿ ನೆಟ್ಟಗೆ!

ಪರಮೇಶ್ವರಪ್ಪನವರು ಉಳಿದ ಹತ್ತು ಮಕ್ಕಳ ಕೈಗೂ ಪುಸ್ತಕ ಕೊಟ್ಟು ನೋಡಿದರು. ಹತ್ತೂ ಓದಿದವು. ಉಜ್ಜನಪ್ಪನ ಮನೆಪಾಠ ಓಣಿಯಲ್ಲಿ ಫಲಿಸದೆ ಉಳಿದದ್ದು ಒಂದೇ ಮಗುವಿಗೆ.

"ಹಂಗಾದ್ರೆ ಗೆದ್ದವನು ನಾನೇ ಅಲ್ವಾ ಮಾವ?" ಎಂದ ಉಜ್ಜನಪ್ಪ, ಧೈರ್ಯ ತಂದುಕೊಂಡು.

"ಗೆದ್ದೆ ಕಣಯ್ಯ, ಊರವರ ಮಕ್ಕಳ ವಿಷಯದಲ್ಲಿ. ನಿನ್ನ ಮಗಳ ವಿಷಯದಲ್ಲಿ ಸೋತೆ. ಮಾತು ಅಂದ್ರೆ ಮಾತು."

ತುಂಗಮ್ಮ ಆಗಲೇ ತಾಯಂದಿರನ್ನು ಗುಂಪು ಕಟ್ಟಿದ್ದಳು. ಮಾತು ಬದಲಾಯಿಸಲು ಅವಳಿಗೆ ಸೆರಗು ಬದಲಾಯಿಸುವಷ್ಟು ಹೊತ್ತೂ ಬೇಕಿರಲಿಲ್ಲ. "ಸುಮ್ಮನೆ ಕೂರೋಕೆ ಶಿಶುವಿಹಾರ ಯಾಕ್ರೇ? ಬಾಯಿ ಮೇಲೆ ಬೆರಳಿಟ್ಟರೆ ವಿದ್ಯೆ ಬರ್ತದಾ? ಉಜ್ಜನಪ್ಪನೋರು ಅವತ್ತೇ ಹೇಳಿದ್ರು, ನಾವು ಕೇಳಲಿಲ್ಲ. ನಾಳೆಯಿಂದ ಎಲ್ಲ ಇಲ್ಲಿಗೇ ಕಳಿಸಿ!"

"ಅಲ್ಲ, ತುಂಗಮ್ಮ..." ಎಂದ ಉಜ್ಜನಪ್ಪ.

"ನೀವೇನೂ ಸಂಕೋಚ ಪಡಬೇಡಿ" ಎಂದಳು ತುಂಗಮ್ಮ.

ಸೋಮವಾರ ಬೆಳಗ್ಗೆ ಉಜ್ಜನಪ್ಪ ಕೊಟ್ಟ ಮಾತಿನಂತೆ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊರಟ. ಶಿಶುವಿಹಾರ ಓಣಿಯ ತುದಿಯಲ್ಲೇ ಇದ್ದರೂ ನಿಧಾನವಾಗಿ ನಡೆದ.

"ಅಪ್ಪ, ಅಲ್ಲಿ ಮಾತಾಡಬಹುದಾ?" ಎಂದು ಮೇಲಿನಿಂದ ಕೇಳಿದಳು ಮುಕ್ತಾ.

"ಆಡು. ಯಾರು ಬೇಡ ಅಂದ್ರೂ ಆಡು. ನಮ್ಮಪ್ಪ ಹೇಳಿದ್ದಾನೆ ಅನ್ನು!"

ಶಿಶುವಿಹಾರದಲ್ಲಿ ಜಯಶೀಲಾ ಒಬ್ಬಳೇ ಕೂತಿದ್ದಳು. ಇದ್ದ ಹನ್ನೊಂದು ಮಕ್ಕಳೂ ಉಜ್ಜನಪ್ಪನ ಮನೆಗೆ ಹೋಗಿದ್ದವು. ಅವಳು ಚಾಪೆ ಸರಿಸಿ, ಮುಕ್ತಾಳನ್ನು ತನ್ನ ಮಗ್ಗುಲಲ್ಲೇ ಕೂರಿಸಿಕೊಂಡು ಪುಸ್ತಕ ತೆರೆದಳು.

ಉಜ್ಜನಪ್ಪ ಮನೆಗೆ ಬಂದಾಗ ಜಗಲಿ ಕಾಣಲಿಲ್ಲ. ಒಬ್ಬ ಕಂಬ ಹತ್ತಿದ್ದ, ಇಬ್ಬರು ಅವನ ಕೆಲಸದ ಬೂಟಿನಲ್ಲಿ ನೀರು ತುಂಬುತ್ತಿದ್ದರು, ಶಶಿಕಲಾ ಶಂಕರಮ್ಮನ ಒನಕೆಯನ್ನು ಮದುಮಗನಾಗಿ ಮಾಡಿ ಪೇಟ ಸುತ್ತುತ್ತಿದ್ದಳು. ಇರುವ ಒಂದು ಪುಸ್ತಕಕ್ಕೆ ನಾಲ್ಕು ಜನ ಜೋತುಬಿದ್ದಿದ್ದರು. "ಮಕ್ಕಳೇ" ಎಂದ, ಯಾರಿಗೂ ಕೇಳಲಿಲ್ಲ. "ಎಲ್ಲರೂ ನನ್ನ ಪಕ್ಕದಲ್ಲಿ ಬಂದು ಕೂತ್ಕೊಳ್ಳಿ" ಎಂದ. ಹನ್ನೊಂದು ಮಕ್ಕಳೂ ಒಟ್ಟಿಗೆ ಪಕ್ಕಕ್ಕೆ ನುಗ್ಗಿದ್ದರಿಂದ ಜಗಲಿಯಿಂದ ಕೆಳಗೆ ಬಿದ್ದ. ಎದ್ದವನು ಪುಸ್ತಕ ಹುಡುಕುವಷ್ಟರಲ್ಲಿ ಅದು ಎರಡಾಗಿತ್ತು.

"ಕೈ ಕಟ್ಟಿ!" ಎಂದು ಉಜ್ಜನಪ್ಪ ಗುಡುಗಿದ. "ಬಾಯಿ ಮೇಲೆ ಬೆರಳು! ನಾನು ಹೇಳೋವರೆಗೆ ಯಾರೂ ತೆಗೀಬಾರದು!"

ಹನ್ನೊಂದು ಬೆರಳು ಹನ್ನೊಂದು ತುಟಿಗೆ ಹೋದವು. ಆಡಿದ ಮಾತು ಅವನ ಕಿವಿಗೇ ಬಿದ್ದದ್ದು ಆಮೇಲೆ. ಅಡುಗೆಮನೆಯ ಬಾಗಿಲಲ್ಲಿ ಶಂಕರಮ್ಮ ಸೌಟು ಹಿಡಿದು ನಿಂತಿದ್ದಳು.

ಓಣಿ ಗಪ್‌ಚಿಪ್ಪಾಯಿತು. ಆ ಮೌನದಲ್ಲಿ ತುದಿಯ ಶಿಶುವಿಹಾರದಿಂದ ಒಂದೇ ಒಂದು ದನಿ ತೇಲಿಬಂತು, ಕಾದ ಎಣ್ಣೆಗೆ ಬಿದ್ದ ಸಾಸಿವೆಯಂತೆ ಚಟಪಟ, ಚಟಪಟ. ಟೀಚರ್ ಜಯಶೀಲಾಳ ದನಿ ಮಾತ್ರ ಮಧ್ಯಾಹ್ನದ ಸೈರನ್ ಕೂಗುವವರೆಗೂ ಒಮ್ಮೆಯೂ ಕೇಳಿಬರಲಿಲ್ಲ.